ಮುಂಗಡ, ಲೈನುಮನೆ, ಹಾಜರಿ ಪುಸ್ತಕ

ಕೆಲಸ ಹುಡುಕುತ್ತಿರುವ ತರುಣರಿಗೆ ನಾಲ್ಕು ಹಿತದ ಮಾತು ಹೇಳಿ ಎಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಳಗನ್ನಡದ ಒಂದು ಕ್ಲಿಷ್ಟ ಸಮಾಸವನ್ನು ಬಿಡಿಸಿ ಹೇಳೆಂದರೆ ಹೇಗಾದರೂ ಹೇಳಿಯೇನು. ಯಾವ ಕಚೇರಿಯಲ್ಲಿ ಎಷ್ಟು ಹುದ್ದೆ ಖಾಲಿ ಇವೆಯೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬೇಡವೆಂದು ಹೇಳಿ ಕಳುಹಿಸುವವನಿದ್ದೆ. ಅಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಸಿದ್ದಾಪುರದ ಆಚೆ ಕಾವೇರಿ ಸೇತುವೆ ದಾಟಿದರೆ ಸಿಗುವ ನೆಲ್ಯಹುದಿಕೇರಿಯ ಕಡೆಯ ಹುಡುಗ. ತಾಯಿ ತಂದೆ ಇಬ್ಬರೂ ಕಾಫಿ ತೋಟದ ಕೆಲಸದವರು. ಮನೆತನದಲ್ಲಿ ಮೊದಲ ಪದವೀಧರ.

“ಸಾರ್, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಇರುವುದಕ್ಕೆ ಕೋಣೆ ಅವರದೇ. ಮೊದಲು ಇಪ್ಪತ್ತು ಸಾವಿರ ಕೈಗೆ ಕೊಡುತ್ತಾರೆ, ಆಮೇಲೆ ಸಂಬಳದಲ್ಲಿ ಹಿಡಿಯುತ್ತಾರೆ. ಆದರೆ ಎರಡು ವರ್ಷ ಬಿಡುವ ಹಾಗಿಲ್ಲ. ಅಲ್ಲಿಯವರೆಗೆ ಮೂಲ ಅಂಕಪಟ್ಟಿಗಳು ಅವರ ಬಳಿಯೇ ಇರಬೇಕಂತೆ” ಎಂದ. ಮುಖದಲ್ಲಿ ಸಂತೋಷವೂ ಇತ್ತು, ಅಳುಕೂ ಇತ್ತು.

ಅವನ ಮಾತು ಕೇಳುತ್ತಿದ್ದಂತೆ ನನಗೆ ಇದನ್ನೆಲ್ಲ ಎಲ್ಲಿಯೋ ಕೇಳಿದ್ದೇನಲ್ಲ ಎನ್ನಿಸಿತು. ಮುಂಗಡ, ಒಡೆಯನ ಸೂರು, ನಮ್ಮ ಕಾಗದ ಇನ್ನೊಬ್ಬರ ಪೆಟ್ಟಿಗೆಯಲ್ಲಿ. ಈ ಮೂರೂ ಬೆಂಗಳೂರಿನ ಹೊಸ ಸೃಷ್ಟಿಗಳಲ್ಲ. ನಾನು ಹುಟ್ಟಿ ಬೆಳೆದ ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಜನ ಕೆಲಸ ಹುಡುಕಿದ್ದು, ಕೆಲಸದಲ್ಲಿ ಉಳಿದದ್ದು, ಕೆಲಸ ಕಳೆದುಕೊಂಡದ್ದು ಈ ಮೂರರ ಮೂಲಕವೇ. ಹಿತವಚನ ಹೇಳಲು ನಾನು ಅರ್ಹನಲ್ಲದಿರಬಹುದು. ಆ ಕಥೆಯನ್ನು ಹೇಳಲು ಸ್ವಲ್ಪ ಅಧಿಕಾರವಿದೆ. ಏಕೆಂದರೆ ನನ್ನ ತಂದೆ ಅಂಥದೊಂದು ತೋಟದಲ್ಲಿ ರೈಟರ್ ಆಗಿದ್ದರು.

ಕೊಡಗಿನ ಹೊರಗಿನವರಿಗೆ ‘ರೈಟರ್’ ಎಂದರೆ ಕಾದಂಬರಿಕಾರನೆಂದು ತೋರೀತು. ತೋಟದಲ್ಲಿ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವನು, ಸಂಜೆ ಕೆಲಸದ ಲೆಕ್ಕ ಬರೆಯುವವನು. ಒಂದು ಅರ್ಥದಲ್ಲಿ ಆ ಜನರ ಬದುಕನ್ನು ಬರೆಯುತ್ತಿದ್ದವನೂ ಅವನೇ.

ಸಿದ್ದಾಪುರ ಅರಮನೆಯ ಊರಲ್ಲ, ಕೋಟೆಯ ಊರಲ್ಲ. ಅದು ಕೂಲಿಯ ಊರು, ಸಂತೆಯ ಊರು. ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆ, ಗುಹ್ಯ, ಕರಡಿಗೋಡುಗಳ ತೋಟಗಳಿಂದ ಜನ ವಾರದ ಬಟವಾಡೆ ಹಿಡಿದು ಸಂತೆಗೆ ಬರುತ್ತಿದ್ದರು. ನನ್ನ ಬಾಲ್ಯದಲ್ಲಿ ಆ ಸಂತೆಯ ಒಂದು ಸಾಲು ದಾಟುವುದರೊಳಗೆ ಕೊಡವ ತಕ್ಕ್, ಕನ್ನಡ, ಮಲಯಾಳ, ತಮಿಳು, ತುಳು, ಎರವ ನುಡಿ, ಕುರುಬ ನುಡಿ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಈಗ ಅವುಗಳ ಜೊತೆಗೆ ಅಸ್ಸಾಮಿಯೂ ಬಂಗಾಳಿಯೂ ಹಿಂದಿಯೂ ಸೇರಿವೆ. ಒಂದು ಸಣ್ಣ ಊರಿಗೆ ಇಷ್ಟೊಂದು ಭಾಷೆಗಳು ಸುಮ್ಮನೆ ಬರುವುದಿಲ್ಲ. ಪ್ರತಿಯೊಂದು ಭಾಷೆಯ ಹಿಂದೆಯೂ ಕೆಲಸ ಅರಸಿ ಹೊರಟ ಒಂದು ಗುಂಪಿನ ಪ್ರಯಾಣವಿದೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. 1854ರಲ್ಲಿ ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯ ಬಳಿ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದನು. ಬಳಿಕ ಸಿದ್ದಾಪುರ, ಪಾಲಿಬೆಟ್ಟಗಳ ಕಡೆಯ ಬಿದಿರು ಕಾಡುಗಳಿಗೂ ಕೊಡಲಿ ಬಿತ್ತು. ಆಂಗ್ಲರು ಈ ಸೀಮೆಯನ್ನು ‘ಬ್ಯಾಂಬೂ’ ಜಿಲ್ಲೆಯೆಂದೇ ಕರೆಯುತ್ತಿದ್ದರು. ಕಾಡು ಕಡಿಯಲು, ಗುಂಡಿ ತೋಡಲು, ಗಿಡ ನೆಡಲು, ಹಣ್ಣು ಕೊಯ್ಯಲು ಸಾವಿರಾರು ಕೈಗಳು ಬೇಕಾದವು. ಕೊಡಗಿನ ಒಕ್ಕಲು ಮನೆಗಳವರಿಗೆ ತಮ್ಮ ಗದ್ದೆಯ ಕೆಲಸವೇ ಸಾಕಷ್ಟಿತ್ತು. ಹೀಗಾಗಿ ಮೈಸೂರು ಸೀಮೆ, ಹಾಸನ, ದಕ್ಷಿಣ ಕನ್ನಡ, ಮಲಬಾರುಗಳಿಂದ ಆಳುಗಳನ್ನು ಕರೆತರಬೇಕಾಯಿತು.

ಕರೆತರುವವನು ಮೇಸ್ತ್ರಿ. ಈ ಪದ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು, ಮೂಲದಲ್ಲಿ ಒಡೆಯ, ಗುರು ಎಂಬ ಅರ್ಥ. ತೋಟದವರು ಮೇಸ್ತ್ರಿಯ ಕೈಗೆ ಹಣ ಕೊಡುತ್ತಿದ್ದರು. ಅವನು ತನ್ನ ಊರ ಕಡೆಗೆ ಹೋಗಿ, ಮಳೆ ಕೈಕೊಟ್ಟ ಮನೆಗಳನ್ನು, ಮದುವೆಯ ಸಾಲ ಮಾಡಿದ ಮನೆಗಳನ್ನು ಹುಡುಕಿ ಮುಂಗಡ ಹಂಚುತ್ತಿದ್ದನು. ಮುಂಗಡ ಪಡೆದವರು ಗುಂಪು ಕಟ್ಟಿಕೊಂಡು ಅವನ ಹಿಂದೆ ಘಟ್ಟಕ್ಕೆ ನಡೆಯುತ್ತಿದ್ದರು. ಇಂದಿನವರು ಕೆಲಸಕ್ಕೆ ಅರ್ಜಿ ಹಾಕುತ್ತಾರೆ; ಅಂದು ಕೆಲಸವೇ ಮನೆಯ ಬಾಗಿಲಿಗೆ ಬಂದು, ಹಣವನ್ನೂ ಕೈಗಿತ್ತು ಕರೆಯುತ್ತಿತ್ತು. ಬರದ ವರ್ಷದಲ್ಲಿ ಆ ಹಣ ಎಷ್ಟು ಜೀವಗಳನ್ನು ಉಳಿಸಿತೋ! ಆದುದರಿಂದ ಮೇಸ್ತ್ರಿಗಳನ್ನೆಲ್ಲ ಖಳರೆಂದು ನಾನು ಹೇಳಲಾರೆ. ಅನೇಕರು ತಮ್ಮ ಜನರ ಜ್ವರಕ್ಕೆ ಔಷಧಿ ತಂದವರು, ಜಗಳ ತೀರಿಸಿದವರು, ದೊರೆಯ ಮುಂದೆ ಅವರ ಪರವಾಗಿ ನಿಂತವರು. ಆದರೆ ಮುಂಗಡಕ್ಕೆ ತನ್ನದೇ ಆದ ಒಂದು ಗುಣವಿದೆ: ಕೊಟ್ಟವನು ಒಳ್ಳೆಯವನಿರಲಿ ಕೆಟ್ಟವನಿರಲಿ, ಅದು ಪಡೆದವನ ಕಾಲನ್ನು ಕಟ್ಟುತ್ತದೆ.

ಕಾನೂನೂ ಆ ಕಟ್ಟನ್ನು ಬಿಗಿ ಮಾಡಿತು. 1859ರಲ್ಲಿ ಬ್ರಿಟಿಷ್ ಸರ್ಕಾರ ಕರಾರು ಮುರಿದ ಕೆಲಸಗಾರರ ಬಗೆಗೆ ಒಂದು ಕಾಯಿದೆ ಮಾಡಿತು. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಅವನು ಹಣ ಹಿಂದಿರುಗಿಸಬೇಕು, ಇಲ್ಲವೇ ಕೆಲಸ ಮಾಡಿ ತೀರಿಸಬೇಕು. ಎರಡಕ್ಕೂ ಒಪ್ಪದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ. ಸಾಹುಕಾರನೊಬ್ಬ ಇನ್ನೊಬ್ಬ ಸಾಹುಕಾರನಿಗೆ ಕೊಟ್ಟ ಮಾತು ಮುರಿದರೆ ಅದು ಸಿವಿಲ್ ವ್ಯಾಜ್ಯ. ಕೂಲಿಯವನು ಮಾತು ಮುರಿದರೆ ಅಪರಾಧ. ಈ ಕಾಯಿದೆಯನ್ನು 1925ರಲ್ಲಿ ರದ್ದುಪಡಿಸಿದರು. ಆದರೆ ಕೊಡಗಿನಲ್ಲಿ ತೋಟಗಳ ಹಿತಕ್ಕೆಂದು 1926ರಲ್ಲಿ ಪ್ರತ್ಯೇಕ ಕಾಯಿದೆಯೊಂದನ್ನು ತಂದು ಅದೇ ಬಗೆಯ ಶಿಕ್ಷೆಯನ್ನು ಇನ್ನೂ ಕೆಲವು ವರ್ಷ ಉಳಿಸಿಕೊಂಡರು. ಉಳಿದ ಕಡೆ ತೆಗೆದ ಕೋಳ ನಮ್ಮ ಕಡೆ ಕಳಚಲು ಸ್ವಲ್ಪ ತಡವಾಯಿತು.

ಮುಂಗಡದ ಬಂಧನ ಕಾಫಿಯೊಡನೆ ಹುಟ್ಟಿದ್ದು ಎಂದೂ ತಿಳಿಯಬಾರದು. ಗದ್ದೆಗಳಲ್ಲಿ ಎರವರನ್ನು ಆಳಾಗಿಟ್ಟುಕೊಳ್ಳುವ ಪದ್ಧತಿ ಅದಕ್ಕೂ ಹಿಂದಿನದು. ನೆರೆಯ ವಯನಾಡಿನ ಮಾನಂತವಾಡಿಯ ಬಳಿ ವಳ್ಳಿಯೂರ್‌ಕಾವು ಎಂಬ ದೇವಿಯ ಕ್ಷೇತ್ರವಿದೆ. ಅಲ್ಲಿ ಮೀನಮಾಸದ ಉತ್ಸವದಲ್ಲಿ ಜಮೀನುದಾರರು ಪಣಿಯರನ್ನೂ ಅಡಿಯರನ್ನೂ ಹಣ ಕೊಟ್ಟು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ದೇವಿಯ ಎದುರಿನಲ್ಲಿ ಪಡೆದ ಹಣವಾದ್ದರಿಂದ ಮಾತು ಮೀರಿದರೆ ದೇವಿಯ ಕೋಪವೆಂಬ ಭಯ. 1843ರಲ್ಲಿಯೇ ಕಾನೂನಿನ ದೃಷ್ಟಿಯಲ್ಲಿ ಗುಲಾಮಗಿರಿ ಅಳಿದಿತ್ತು. ಆದರೆ ಸಾಲ ಮತ್ತು ಭಯ ಎರಡೂ ಸೇರಿದಾಗ ಕಾನೂನು ಊರ ಹೊರಗೇ ನಿಲ್ಲುತ್ತದೆ. 1975ರ ಸುಗ್ರೀವಾಜ್ಞೆ, 1976ರ ಜೀತವಿಮುಕ್ತಿ ಕಾಯಿದೆಗಳು ಬಂದ ಮೇಲೆಯೇ ಮುಂಗಡದ ಹೆಸರಿನಲ್ಲಿ ಮನುಷ್ಯನನ್ನು ಹಿಡಿದಿಡುವುದು ಅಪರಾಧವೆಂದು ದೇಶದಾದ್ಯಂತ ಸ್ಪಷ್ಟವಾಯಿತು. ನೂರ ಹದಿನೇಳು ವರ್ಷಗಳಲ್ಲಿ ಕಾನೂನು ಪೂರ್ತಿ ತಿರುಗಿ ನಿಂತಿತು: 1859ರಲ್ಲಿ ಬಿಟ್ಟು ಹೋದವನಿಗೆ ಸೆರೆ, 1976ರಲ್ಲಿ ಕಟ್ಟಿಟ್ಟವನಿಗೆ ಸೆರೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಮೊದಲ ಮಾತು ಇದೇ. ಕೆಲಸ ಶುರುವಾಗುವ ಮುನ್ನ ಕೈಗೆ ಬರುವ ಹಣ ಉಡುಗೊರೆಯಲ್ಲ. ತೀರ ಅಗತ್ಯವಿದ್ದರೆ ಪಡೆದುಕೊ. ಆದರೆ ಎಷ್ಟು ಪಡೆದೆ, ತಿಂಗಳಿಗೆ ಎಷ್ಟು ಹಿಡಿಯುತ್ತಾರೆ, ಎಂದಿಗೆ ತೀರುತ್ತದೆ, ನಡುವೆ ಬಿಟ್ಟರೆ ಎಷ್ಟು ಕೊಡಬೇಕು ಎಂಬುದು ಬರಹದಲ್ಲಿರಲಿ. ಆ ಬರಹದ ಒಂದು ಪ್ರತಿ ನಿನ್ನ ಬಳಿ ಇರಲಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಬಳಿಯೂ ಬಿಟ್ಟು ಬರಬೇಡ. ತೋರಿಸು, ನಕಲು ಕೊಡು, ಎದುರಿಗೇ ತಾಳೆ ನೋಡಿಕೊಳ್ಳಲಿ. ಬೇರೆ ಕಡೆ ಅರ್ಜಿ ಹಾಕಬೇಕಾದ ದಿನ ನಿನ್ನ ಕೈಯಲ್ಲಿ ಏನೂ ಇಲ್ಲದಂತೆ ಮಾಡುವುದು ನಿನ್ನನ್ನು ಕೂಡಿಹಾಕಿದ ಹಾಗೆಯೇ.

ಇನ್ನು ಸೂರಿನ ಮಾತು. ತೋಟದ ಕೆಲಸಗಾರರು ವಾಸಿಸುವ ಸಾಲುಮನೆಗಳಿಗೆ ನಮ್ಮಲ್ಲಿ ‘ಲೈನು’ ಎಂದು ಹೆಸರು. ಒಂದೇ ಮಾಡಿನ ಕೆಳಗೆ ಹತ್ತು ಹನ್ನೆರಡು ಕೋಣೆಗಳು; ಒಂದೊಂದಕ್ಕೆ ಒಂದು ಸಂಸಾರ. 1951ರ ಪ್ಲಾಂಟೇಷನ್ ಲೇಬರ್ ಕಾಯಿದೆ ತೋಟಗಳ ಇತಿಹಾಸದಲ್ಲಿ ದೊಡ್ಡ ತಿರುವು. 25 ಎಕರೆಗೆ ಕಡಿಮೆಯಿಲ್ಲದ, 30 ಮಂದಿಗೆ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ತೋಟಗಳು ವಸತಿ, ಕುಡಿಯುವ ನೀರು, ಔಷಧೋಪಚಾರ, ಕೂಸುಗಳಿಗೆ ಶಿಶುಗೃಹ, ವರ್ಷಕ್ಕಿಷ್ಟು ಎಂದು ಸಂಬಳಸಹಿತ ರಜೆ ಕೊಡಬೇಕೆಂದು ಅದು ಹೇಳಿತು. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರ್, 15 ಕೆಲಸಗಾರರಿಗೆ ಇಳಿಸಿತು. ಹುಲ್ಲುಮಾಡಿನ ಲೈನುಗಳು ಹೆಂಚಿನ ಲೈನುಗಳಾದುದು, ಹೆರಿಗೆಗೆ ಆಸ್ಪತ್ರೆ ಎಂಬುದು ಬಂದದ್ದು ನಾನು ಬೆಳೆಯುತ್ತಿದ್ದ ಕಾಲದಲ್ಲಿ. ಆ ಕಾಯಿದೆಯನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ಆದರೆ ಕೆಲಸದೊಡನೆ ಬಂದ ಮನೆ ಕೆಲಸದೊಡನೆಯೇ ಹೋಗುತ್ತದೆ. ನಾಲ್ಕು ತಲೆಮಾರು ಒಂದೇ ಲೈನಿನಲ್ಲಿ ಹುಟ್ಟಿ ಬೆಳೆದವರಿಗೂ ಆ ನೆಲ ಸ್ವಂತವಾಗುವುದಿಲ್ಲ. ನಮ್ಮದೂ ಅದೇ ಪಾಡು. ತಂದೆಯವರು ನಿವೃತ್ತರಾದಾಗ ಕ್ವಾರ್ಟರ್ಸು ಖಾಲಿ ಮಾಡಬೇಕಾಯಿತು. ಅಮ್ಮ ನೆಟ್ಟಿದ್ದ ಹಲಸಿನ ಮರ ಆ ವರ್ಷವೇ ಮೊದಲ ಬಾರಿ ಕಾಯಿ ಬಿಟ್ಟಿತ್ತು. ಅವರು ಒಂದೂ ಮಾತಾಡದೆ ಅದಕ್ಕೊಮ್ಮೆ ನೀರು ಹೊಯ್ದು ಬಂದು ಜೀಪು ಹತ್ತಿದರು. ನಮಗಾದರೋ ಹೋಗಲು ಅಜ್ಜನ ಮನೆಯಿತ್ತು. ಲೈನಿನವರಿಗೆ ಏನಿತ್ತು? ಲೈನು ಬಿಟ್ಟ ಎಷ್ಟೋ ಮಂದಿ ಕಾವೇರಿಯ ದಂಡೆಯ ಮೇಲೆ, ಕರಡಿಗೋಡು, ಗುಹ್ಯಗಳ ಕಡೆ, ಸಿಕ್ಕಷ್ಟು ಜಾಗದಲ್ಲಿ ಗೋಡೆ ಎಬ್ಬಿಸಿಕೊಂಡರು. 2019ರ ಆಗಸ್ಟ್ ತಿಂಗಳಿನ ಪ್ರವಾಹ ಆ ಮನೆಗಳನ್ನು ಏನು ಮಾಡಿತೆಂದು ಕೇಳುಗರಿಗೆ ನೆನಪಿದೆ. ಅದಕ್ಕೂ ಮೊದಲು, 2016ರಲ್ಲಿ, ಮಾಲ್ದಾರೆಯ ಬಳಿಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ಆ ವರ್ಷದ ಡಿಸೆಂಬರಿನಲ್ಲಿ ತೆರವು ಮಾಡಲಾಯಿತು. ಅವರು ಐನೂರಕ್ಕೂ ಹೆಚ್ಚು ಕುಟುಂಬಗಳವರು. ಅದು ಅರಣ್ಯದ ಜಾಗವೋ ಅಲ್ಲವೋ ಎಂಬ ವಾದ ನಡೆಯಿತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಆ ವಾದದಲ್ಲಿ ನನ್ನ ಗಮನ ಸೆಳೆದದ್ದು ಬೇರೊಂದು ಸಂಗತಿ. ಅಲ್ಲಿಗೆ ಬಂದವರಲ್ಲಿ ಬಹಳ ಮಂದಿ ತೋಟಗಳ ಲೈನುಮನೆಗಳಿಂದ ಬಂದವರು. ತಲೆಯ ಮೇಲೆ ಸೂರಿದ್ದೂ ಅವರು ಏಕೆ ಹೊರಟರು? ಕೂಲಿ ಕಡಿಮೆಯೆಂದು ಮಾತ್ರವಲ್ಲ. ಒಡೆಯನನ್ನು ಬಿಟ್ಟರೆ ಮನೆಯನ್ನೂ ಬಿಡಬೇಕಾದಲ್ಲಿ ಬೇರೆ ಕೆಲಸ ಹುಡುಕುವ ಧೈರ್ಯವೇ ಬರುವುದಿಲ್ಲ ಎಂಬುದಕ್ಕಾಗಿ.

ಹುಡುಗನಿಗೆ ಹೇಳಿದ ಎರಡನೆಯ ಮಾತು: ಅವರ ಕೋಣೆಯಲ್ಲಿ ಇರು, ತಪ್ಪಲ್ಲ, ಹೊಸ ಊರಿನಲ್ಲಿ ಅದು ಅನುಕೂಲವೇ. ಆದರೆ ಅದನ್ನೇ ನೆಚ್ಚಬೇಡ. ಕೆಲಸ ಬಿಟ್ಟ ದಿನ ರಾತ್ರಿ ಎಲ್ಲಿ ಮಲಗುವೆ ಎಂಬುದಕ್ಕೆ ಉತ್ತರ ಮೊದಲೇ ಇರಲಿ. ಮೂರು ತಿಂಗಳ ಊಟ ಬಾಡಿಗೆಗಾಗುವಷ್ಟು ಹಣ ಕೂಡಿಬರುವ ತನಕ ಬೇರೆ ಖರ್ಚಿಗೆ ಕೈ ಹಾಕಬೇಡ. ನಮ್ಮ ‘ಸಂಬಳ’ ಎಂಬ ಪದ ಸಂಸ್ಕೃತದ ‘ಶಂಬಲ’ದಿಂದ ಬಂದದ್ದು. ಅದರ ಮೂಲಾರ್ಥ ದಾರಿಬುತ್ತಿ. ಪ್ರಯಾಣಕ್ಕೆ ಕಟ್ಟಿಕೊಳ್ಳುವ ಅನ್ನ. ಅಂದ ಮೇಲೆ ಸಂಬಳವೆಂದರೆ ಇದ್ದಲ್ಲೇ ಉಂಡು ಮುಗಿಸುವುದಲ್ಲ; ಮುಂದಿನ ಊರು ತಲುಪುವವರೆಗೆ ಸ್ವಲ್ಪ ಉಳಿಯಬೇಕು.

ಮೂರನೆಯದು ಹಾಜರಿ ಪುಸ್ತಕ. ಇದನ್ನು ಹೇಳುವುದು ನನಗೆ ಸುಲಭವಲ್ಲ.

ತಂದೆಯವರಿದ್ದ ತೋಟದಲ್ಲಿ ಒಬ್ಬ ಹೆಂಗಸು ಇದ್ದಳು. ಮಗುವಾಗಿದ್ದಾಗ ತಾಯಿಯ ಸೊಂಟದ ಮೇಲೆ ಬಂದವಳು, ಅಲ್ಲೇ ಮದುವೆಯಾದಳು, ಅಲ್ಲೇ ಗಂಡನನ್ನು ಕಳೆದುಕೊಂಡಳು. ಕಾಫಿ ಹಣ್ಣು ಕೊಯ್ಯುವುದರಲ್ಲಿ ಅವಳ ಬೆರಳಿನ ಚುರುಕು ಇನ್ನೊಬ್ಬರಿಗಿರಲಿಲ್ಲ. ರೆಕ್ಕೆಯನ್ನು ಬಗ್ಗಿಸಿ ಹಿಡಿದು ಹಣ್ಣನ್ನಷ್ಟೇ ಬಿಡಿಸಿ, ಕಾಯಿ ಒಂದೂ ಬೀಳದಂತೆ ಚೀಲ ತುಂಬುತ್ತಿದ್ದಳು. ನನ್ನನ್ನು ‘ರೈಟರ ಮಗ’ ಎಂದು ಕರೆದು ಕೈಗೆ ಹಲಸಿನ ತೊಳೆ ಹಾಕುತ್ತಿದ್ದಳು. 1983ರಲ್ಲಿ ಅವಳ ಮೊಣಕಾಲು ಸೋತಿತು. ಏಣಿ ಹತ್ತಲಾರದೆ, ಇಳಿಜಾರಿನಲ್ಲಿ ನಡೆಯಲಾರದೆ ಕೆಲಸ ಬಿಟ್ಟಳು. 1972ರ ಗ್ರಾಚುಯಿಟಿ ಕಾಯಿದೆ ತೋಟಗಳಿಗೂ ಅನ್ವಯವಾಗುತ್ತಿತ್ತು. ಐದು ವರ್ಷ ಎಡೆಬಿಡದೆ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಲೆಕ್ಕಹಾಕಿ ಕೊಡಬೇಕು. ಅವಳದು ಹದಿನೆಂಟು ವರ್ಷದ ದುಡಿಮೆ. ಆದರೆ ಪುಸ್ತಕ ತೆರೆದು ನೋಡಿದಾಗ ಅವಳು ಅದರಲ್ಲಿ ಇರಲೇ ಇಲ್ಲ.

ಇರಲಿಲ್ಲವೆಂದರೆ ಹೆಸರಿರಲಿಲ್ಲವೆಂದಲ್ಲ. ಒಂದು ವರ್ಷ ಗಂಡನ ಹೆಸರಿನ ಜೊತೆ, ಇನ್ನೊಂದು ವರ್ಷ ತಾಯಿಯ ಹೆಸರಿನಲ್ಲಿ, ಮತ್ತೊಂದು ವರ್ಷ ಬೇರೆ ಮೇಸ್ತ್ರಿಯ ಗುಂಪಿನಲ್ಲಿ, ಪ್ರತಿ ಕೊಯ್ಲಿಗೂ ಹೊಸಬಳೆಂಬಂತೆ ಅವಳನ್ನು ಬರೆದಿತ್ತು. ಪಕ್ಕದಲ್ಲಿ ‘ಹಂಗಾಮಿ’ ಎಂಬ ಷರಾ. ಹಂಗಾಮು ಎಂದರೆ ಪಾರಸಿಯಲ್ಲಿ ಕಾಲ, ಸಮಯ. ಮಳೆಗಾಲದಲ್ಲೂ ಬೇಸಗೆಯಲ್ಲೂ ತೋಟ ಬಿಟ್ಟು ಹೋಗದವಳು ಹದಿನೆಂಟು ವರ್ಷ ಒಂದು ಋತುವಿನ ಅತಿಥಿಯಾಗಿ ಉಳಿದಿದ್ದಳು. ಹಾಗೆ ಬರೆಯಬೇಕೆಂದು ಮೇಲಿನವರ ಸೂಚನೆಯಿತ್ತು. ಬರೆದ ಕೈ ಮಾತ್ರ ನನ್ನ ತಂದೆಯವರದು.

ಅವಳು ನ್ಯಾಯ ಕೇಳಲಿಲ್ಲ. ಅಷ್ಟು ವರ್ಷ ಕೂಲಿ ಕೊಟ್ಟರಲ್ಲ ಎಂದು ಕೈ ಮುಗಿದು ಮಗಳ ಮನೆಗೆ ಹೋದಳು. ತಂದೆಯವರು ಆ ಬಗ್ಗೆ ನನ್ನೊಡನೆ ಒಂದೇ ಸಲ ಮಾತಾಡಿದರು. “ಯಾರಿಗೂ ಒಂದು ಪೈಸೆ ಮೋಸ ಮಾಡಿದವನಲ್ಲ ನಾನು. ವಾರದ ಬಟವಾಡೆ ಒಂದು ದಿನ ತಪ್ಪಿಸಿದವನಲ್ಲ. ಆದರೆ ಅವಳ ಹೆಸರನ್ನು ಒಂದೇ ರೀತಿ ಬರೆದಿದ್ದರೆ ಸಾಕಾಗಿತ್ತು, ಕಣಪ್ಪಾ” ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು.

ಆಗ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಉದ್ಯೋಗ ವಿನಿಮಯ ಕೇಂದ್ರದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಅಲೆಯುತ್ತಿದ್ದೆ. ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅದೂ ಹಂಗಾಮಿ. ಜುಲೈಯಲ್ಲಿ ನೇಮಕ, ಏಪ್ರಿಲಿನಲ್ಲಿ ಮುಕ್ತಾಯ. ಮತ್ತೆ ಜುಲೈಯಲ್ಲಿ ಹೊಸ ಆದೇಶ. ಆರು ವರ್ಷ ಹೀಗೆಯೇ ನಡೆಯಿತು. ಪ್ರತಿ ಏಪ್ರಿಲಿನಲ್ಲೂ ಅವಮಾನದಿಂದ ಆ ಆದೇಶದ ಕಾಗದವನ್ನು ಹರಿದೆಸೆಯಬೇಕೆನ್ನಿಸುತ್ತಿತ್ತು. ತಂದೆಯವರು ಬಿಡಲಿಲ್ಲ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಕೊಟ್ಟು, ನೇಮಕದ ಆದೇಶ, ಬಿಡುಗಡೆಯ ಆದೇಶ, ಸಂಬಳದ ಚೀಟಿ ಎಲ್ಲವನ್ನೂ ವರ್ಷವಾರು ಕಟ್ಟಿ ಇಡಿಸಿದರು. ಪ್ರತಿ ಕಾಗದದಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಒಂದೇ ರೀತಿ ಇವೆಯೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ನನ್ನ ಕೆಲಸ ಕಾಯಂ ಆಗುವ ಮಾತು ಬಂದಾಗ ಕಾಲೇಜಿನ ಕಡತದಲ್ಲಿ ಎರಡು ವರ್ಷದ ದಾಖಲೆಯೇ ಇರಲಿಲ್ಲ. ಡಬ್ಬಿಯಲ್ಲಿತ್ತು. ಆ ಹೆಂಗಸಿಗೆ ಆಗದ ನ್ಯಾಯ ನನಗೆ ಆಯಿತು. ಅದಕ್ಕೆ ಕಾರಣ ನನ್ನ ವಿದ್ಯೆಯಲ್ಲ; ಅವಳಿಗಾದ ಅನ್ಯಾಯದಿಂದ ತಂದೆಯವರು ಕಲಿತ ಪಾಠ. ಆ ಋಣ ನನ್ನ ಮೇಲಿದೆ. ಈ ಭಾಷಣ ಅದರ ಬಡ್ಡಿಯೂ ಅಲ್ಲ.

ಕಾಲ ಬದಲಾಗಿದೆ ಎನ್ನುವವರಿದ್ದಾರೆ, ನಿಜವೇ. 2014ರಿಂದ ಭವಿಷ್ಯನಿಧಿಯ ಸದಸ್ಯನಿಗೆ ಒಂದೇ ಸಂಖ್ಯೆ. ಎಷ್ಟು ಧಣಿಗಳು ಬದಲಾದರೂ ಅದು ಅವನ ಜೊತೆಗೇ ಹೋಗುತ್ತದೆ. ಅಸಂಘಟಿತ ಕೆಲಸಗಾರರಿಗೆ 2021ರಿಂದ ಇ–ಶ್ರಮ್ ನೋಂದಣಿ ಇದೆ. 1951ರ ತೋಟಗಳ ಕಾಯಿದೆಯೂ 1972ರ ಗ್ರಾಚುಯಿಟಿ ಕಾಯಿದೆಯೂ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ಸಂಸತ್ತು 2019 ಮತ್ತು 2020ರಲ್ಲಿ ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಅವು ಸೇರಿಹೋಗಿವೆ. ಆ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳ ಒಳಿತು ಕೆಡುಕುಗಳ ಚರ್ಚೆ ನಡೆಯುತ್ತಲೇ ಇದೆ. ಅದರಲ್ಲಿ ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ತಟ್ಟಿತು: ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಒಂದು ಹಾಳೆ ಕಾಗದ! ಅದು ಇದ್ದಿದ್ದರೆ ಹದಿನೆಂಟು ವರ್ಷ ಒಬ್ಬಳು ಅತಿಥಿಯಾಗಿ ಉಳಿಯುತ್ತಿರಲಿಲ್ಲ. ಆದರೆ ಕಾನೂನು ಕೊಡಿಸುವ ಕಾಗದವನ್ನೂ ನಾವು ಕೇಳಿ ಪಡೆಯಬೇಕು, ಓದಬೇಕು, ಜೋಪಾನ ಮಾಡಬೇಕು.

ಕೆಲಸದ ಸ್ವರೂಪವೇ ಬದಲಾದರೆ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯಿತು. ಅದಕ್ಕೂ ಸಿದ್ದಾಪುರದ ಚರಿತ್ರೆಯಲ್ಲಿ ಉತ್ತರವಿದೆ. 1860ರ ದಶಕದಲ್ಲಿ ಕಾಂಡಕೊರಕ ಹುಳು, ಆಮೇಲೆ ಎಲೆಗಳ ತುಕ್ಕುರೋಗ ಬಂದು ತೋಟಗಳು ನೆಲಕಚ್ಚಿದವು. ಬದುಕಿ ಉಳಿದವರು ನೆರಳುಮರ ಬೆಳೆಸುವುದನ್ನು ಕಲಿತರು, ಮುಂದಿನ ಶತಮಾನದಲ್ಲಿ ರೊಬಸ್ಟಾ ಹಾಕಿದರು. 1942ರ ಕಾಯಿದೆಯಿಂದ ಕಾಫಿ ಮಂಡಳಿಯ ಕೈಗೆ ಬಂದ ಮಾರಾಟದ ವ್ಯವಸ್ಥೆ ಅರ್ಧ ಶತಮಾನ ನಡೆದು, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಕೆಲವೇ ವರ್ಷಗಳಲ್ಲಿ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. 2001ರ ಸುಮಾರಿಗೆ ಬೆಲೆ ಪಾತಾಳ ಕಂಡಿತು. ಆ ಹೊಡೆತದಲ್ಲಿ ಎಷ್ಟೋ ತೋಟಗಳು ಕಾಯಂ ಆಳುಗಳನ್ನು ಕಡಿಮೆ ಮಾಡಿದವು. ಲೈನುಗಳು ಖಾಲಿಯಾದವು. ಮಕ್ಕಳು ಕೇರಳಕ್ಕೆ, ಮೈಸೂರಿಗೆ, ಬೆಂಗಳೂರಿಗೆ ಹೋದರು. ಬೆಲೆ ಮತ್ತೆ ಏರಿದಾಗ ಕೊಯ್ಯಲು ಜನವಿರಲಿಲ್ಲ. ಖಾಲಿ ಲೈನುಗಳಿಗೆ ಅಸ್ಸಾಮು ಬಂಗಾಳಗಳ ಸಂಸಾರಗಳು ಬಂದವು. ಉಳಿದ ಸ್ಥಳೀಯರು ಬೆಳಿಗ್ಗೆ ಜೀಪು ಹತ್ತಿ ದಿನಕ್ಕೊಂದು ತೋಟಕ್ಕೆ ಹೋಗುವವರಾದರು. ಮೇಸ್ತ್ರಿಯ ಜಾಗದಲ್ಲಿ ಈಗ ಜೀಪಿನ ಮಾಲೀಕನೇ ಕೆಲಸ ಗೊತ್ತುಮಾಡುತ್ತಾನೆ. ಕಾಡಾನೆ ತೋಟದೊಳಗಿದ್ದರೆ ಆ ದಿನದ ಕೆಲಸವೂ ಇಲ್ಲ. ಆನೆಯ ಸುದ್ದಿ ತಿಳಿಯದೆ ಹೋಗಿ ಪ್ರಾಣ ಕಳೆದುಕೊಂಡವರೂ ಈ ಸೀಮೆಯಲ್ಲಿ ಇದ್ದಾರೆ.

ಈ ಏರಿಳಿತದಲ್ಲಿ ಯಾರು ಉಳಿದುಕೊಂಡರು ಎಂದು ನಾನು ಗಮನಿಸಿದ್ದೇನೆ. ಒಂದೇ ಕೆಲಸ ಬಲ್ಲವರಿಗಿಂತ ಅದರ ಪಕ್ಕದ ಕೆಲಸವನ್ನೂ ಕಲಿತವರು. ಹಣ್ಣು ಕೊಯ್ಯುವುದರ ಜೊತೆಗೆ ಮರ ಕಪಾತು ಮಾಡಲು ಕಲಿತವನಿಗೆ ವರ್ಷವಿಡೀ ಕರೆ ಬರುತ್ತದೆ. ಮೆಣಸಿನ ಬಳ್ಳಿಗೆ ಏಣಿ ಹಾಕಬಲ್ಲವನಿಗೆ, ಪಲ್ಪರ್ ಕೆಟ್ಟರೆ ಬಿಚ್ಚಿ ಜೋಡಿಸಬಲ್ಲವನಿಗೆ, ಕಣದಲ್ಲಿ ಕಾಫಿ ಎಷ್ಟು ಒಣಗಿದೆಯೆಂದು ಕೈಯಿಂದಲೇ ಹೇಳಬಲ್ಲವಳಿಗೆ ಯಾವ ಕಾಲದಲ್ಲೂ ಕೆಲಸ ತಪ್ಪಲಿಲ್ಲ. ಅವರು ಕಸುಬು ಬಿಟ್ಟು ಓಡಲಿಲ್ಲ. ಕಸುಬಿನೊಳಗೇ ಒಂದು ಹೆಜ್ಜೆ ಆಚೀಚೆ ಇಟ್ಟರು. ಕಚೇರಿಯಲ್ಲಿರುವ ತರುಣರಿಗೂ ಇದೇ ಮಾತು. ಹೊಸ ಯಂತ್ರ, ಹೊಸ ಅಧಿಕಾರಿ, ಹೊಸ ಹೆಸರು ಬಂದಾಗ ಗಾಬರಿಗೊಂಡು ಎಲ್ಲವನ್ನೂ ಎಸೆಯಬೇಡಿ. ನಿಮ್ಮ ಮೇಜಿನ ಪಕ್ಕದ ಮೇಜಿನಲ್ಲಿ ಏನು ನಡೆಯುತ್ತದೆಂದು ಕಲಿಯಿರಿ.

ಬಿಡಬೇಕಾದ ಕೆಲಸವನ್ನು ಬಿಡುವುದೂ ಒಂದು ವಿದ್ಯೆ. ‘ರಾಜೀನಾಮೆ’ ಎಂಬ ಪದವನ್ನು ನಾವು ಕೋಪದ ಪದವಾಗಿ ಮಾಡಿಕೊಂಡಿದ್ದೇವೆ. ಮುಖದ ಮೇಲೆ ಎಸೆದು ಬಂದೆ ಎನ್ನುತ್ತೇವೆ. ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಅದು ಒಪ್ಪಿಗೆಯ ಪತ್ರ. ಹೇಳಿದ ಮುನ್ಸೂಚನೆಯ ಅವಧಿ ಮುಗಿಸಿ, ಬಾಕಿ ಲೆಕ್ಕ ತೀರಿಸಿಕೊಂಡು, ಸೇವಾ ಪ್ರಮಾಣಪತ್ರ ಪಡೆದು, ಜೊತೆಯವರಿಗೆ ಕೈ ಮುಗಿದು ಹೊರಡಬೇಕು. ಕರಾರು ಮುರಿದರೆ ಸೆರೆಗೆ ಹೋಗಬೇಕಾಗಿದ್ದ ನಮ್ಮ ಹಿರಿಯರಿಗೆ ಹೀಗೆ ಹೊರಡುವ ಹಕ್ಕು ಇರಲಿಲ್ಲ. ಅದು ನಮಗೆ ದಕ್ಕಿದೆ. ದಕ್ಕಿದ ಹಕ್ಕನ್ನು ಒರಟಾಗಿ ಬಳಸಬಾರದು.

ಇಷ್ಟನ್ನೂ ಹುಡುಗ ತಾಳ್ಮೆಯಿಂದ ಕೇಳಿದ. ಹಳೆಯ ಮೇಷ್ಟರ ಪುರಾಣವೆಂದು ನಕ್ಕಿದ್ದರೂ ನಾನು ಬೇಸರಪಡುತ್ತಿರಲಿಲ್ಲ. ಅವನು ನಗಲಿಲ್ಲ. “ನಮ್ಮ ಅಜ್ಜಿಗೂ ಹಾಗೇ ಆಗಿತ್ತಂತೆ ಸಾರ್” ಎಂದಷ್ಟೇ ಹೇಳಿದ. ಮೂಲ ಅಂಕಪಟ್ಟಿ ಕೊಡುವುದಿಲ್ಲವೆಂದು ಆ ಕಚೇರಿಗೆ ಬರೆದ. ಅವರು ಒಪ್ಪಲಿಲ್ಲ, ಕೆಲಸ ಕೈತಪ್ಪಿತು. ಮೂರು ತಿಂಗಳು ಮನೆಯಲ್ಲಿಯೇ ಇದ್ದ. ಆ ಮೂರು ತಿಂಗಳು ನಾನೂ ನೆಮ್ಮದಿಯಿಂದ ನಿದ್ದೆ ಮಾಡಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಇನ್ನೊಬ್ಬರ ಮಗನ ಅನ್ನದ ವಿಷಯದಲ್ಲಿ ಬುದ್ಧಿ ಹೇಳುವುದು ಸುಲಭ. ಅವನ ತಾಯಿ ಸಂತೆಯಲ್ಲಿ ಎದುರಾದಾಗ ಕಣ್ಣೆತ್ತಿ ಮಾತಾಡಿಸುವುದು ಕಷ್ಟ. ಕೊನೆಗೆ ಮೈಸೂರಿನಲ್ಲಿ ಒಂದು ಕೆಲಸ ಸಿಕ್ಕಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಮುಂಗಡವಿಲ್ಲ, ಕೋಣೆಯೂ ಇಲ್ಲ. ನೇಮಕಾತಿ ಪತ್ರ ಮಾತ್ರ ಇತ್ತು.

ಆ ಪತ್ರದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದ್ದ. ಕನ್ನಡಕ ಹಾಕಿಕೊಂಡು, ತಂದೆಯವರು ನೋಡುತ್ತಿದ್ದ ಹಾಗೆಯೇ ನೋಡಿದೆ. ಹುದ್ದೆ ಸರಿ, ಸಂಬಳ ಸರಿ, ತಾರೀಕು ಸರಿ. ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಕೂಡಲೇ ಕರೆ ಮಾಡಿದೆ. “ಸಣ್ಣ ತಪ್ಪು ಸಾರ್, ಆಮೇಲೆ ಹೇಳುತ್ತೇನೆ” ಎಂದ.

“ಆಮೇಲೆ ಬೇಡಪ್ಪಾ. ಮೊದಲ ದಿನವೇ ತಿದ್ದಿಸು” ಎಂದೆ.